ಸರ್ವರ್ ಸೆಟ್ಟಿಂಗ್‌ಗಳನ್ನು ಅಡ್ಮಿನ್‌ಗಳು ಅಂಜದೆ ಬದಲಿಸುವಂತೆ ಜೋಡಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕಾನ್ಫಿಗ್ ಫೈಲ್‌ನಲ್ಲಿ ಮೌಲ್ಯ ಬದಲಿಸಿ ಸರ್ವಿಸ್ ರೀಸ್ಟಾರ್ಟ್ ಮಾಡಿದರೂ ಏನೂ ಆಗಲಿಲ್ಲ ಎಂಬುದು ಓದುಗರಿಂದ ಮತ್ತೆ ಮತ್ತೆ ಬರುವ ದೂರು. ಅದರ ಜೊತೆಗೇ ಬರುವ ಇನ್ನೊಂದು ದೂರು, ಬದಲಿಸಿದ ಮರುಕ್ಷಣದಿಂದ ಸರ್ವರ್‌ನೊಳಗೆ ಹೋಗಲು ತಮಗೇ ದಾರಿ ಇಲ್ಲದಂತಾಯಿತು ಎಂಬುದು. ಹೀಗೆ ಬರೆಯುವ ಹೆಚ್ಚಿನವರಿಗೆ ಯಾವ ಸೆಟ್ಟಿಂಗ್‌ಗೆ ಯಾವ ಮೌಲ್ಯ ಕೊಡಬೇಕೆಂದು ಚೆನ್ನಾಗಿಯೇ ಗೊತ್ತಿರುತ್ತದೆ. ಒಂದೇ ಸೆಟ್ಟಿಂಗ್ ಮೂರು ಫೈಲ್‌ಗಳಲ್ಲಿದ್ದರೆ ಯಾವುದರ ಮಾತು ನಡೆಯುತ್ತದೆ, ಬದಲಾವಣೆ ಜಾರಿಗೆ ಬಂದಿದೆಯೇ ಎಂದು ಎಲ್ಲಿ ನೋಡಬೇಕು, ಕೆಟ್ಟರೆ ಮೊದಲಿನ ಸ್ಥಿತಿಗೆ ತರುವುದು ಹೇಗೆ ಎಂಬ ಮೂರು ಪ್ರಶ್ನೆಗಳಲ್ಲಿ ಅವರು ಸಿಕ್ಕಿಕೊಂಡಿರುತ್ತಾರೆ. ಈ ಮೂರಕ್ಕೂ ಉತ್ತರ ಸರ್ವರ್‌ನಲ್ಲೇ ಸಿದ್ಧವಾಗಿದ್ದರೆ ನಿನ್ನೆ ಕೆಲಸಕ್ಕೆ ಸೇರಿದ ಅಡ್ಮಿನ್ ಕೂಡ ಸೆಟ್ಟಿಂಗ್ ಬದಲಿಸಬಲ್ಲರು. ಇಲ್ಲದಿದ್ದರೆ ಹತ್ತು ವರ್ಷದ ಅನುಭವ ಇರುವವರೂ ಊಹೆಯ ಮೇಲೆ ಕೆಲಸ ಮಾಡಬೇಕಾಗುತ್ತದೆ.

ಉದಾಹರಣೆಗೆಂದು ಸಣ್ಣ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಕಾಣುವ ಜೋಡಣೆಯನ್ನೇ ತೆಗೆದುಕೊಂಡಿದ್ದೇನೆ: ಡೆಬಿಯನ್ ಅಥವಾ ಉಬುಂಟು ಲಿನಕ್ಸ್, ಅದರ ಮೇಲೆ ಎಂಜಿನ್‌ಎಕ್ಸ್ ವೆಬ್ ಸರ್ವರ್, ವೆಬ್‌ಸೈಟಿನ ಪಿಎಚ್‌ಪಿ ಕೋಡ್ ಓಡಿಸುವ ಪಿಎಚ್‌ಪಿ-ಎಫ್‌ಪಿಎಂ, ಪೋಸ್ಟ್‌ಗ್ರೆಸ್ ಡೇಟಾಬೇಸ್ ಮತ್ತು ದೂರದಿಂದ ಒಳಹೋಗಲು ಎಸ್‌ಎಸ್‌ಎಚ್. ಕಮಾಂಡ್‌ಗಳ ಮತ್ತು ಸೆಟ್ಟಿಂಗ್‌ಗಳ ಹೆಸರನ್ನು ಇಲ್ಲಿ ಉಚ್ಚಾರಣೆಯಂತೆ ಬರೆದಿದೆ. ಟರ್ಮಿನಲ್‌ನಲ್ಲಿ ಅವುಗಳ ಎಂದಿನ ರೂಪದಲ್ಲೇ ಟೈಪ್ ಮಾಡಬೇಕು. ಹಂತಗಳ ಕ್ರಮ ಮುಖ್ಯ. ಏಳನೆಯ ಹಂತದ ಸ್ಕ್ರಿಪ್ಟ್ ಚೆನ್ನಾಗಿದೆ ಎಂದು ಅಲ್ಲಿಂದಲೇ ಶುರು ಮಾಡಿದರೆ ಮೊದಲ ಮೂರು ಹಂತಗಳ ಗೊಂದಲವೆಲ್ಲ ಆ ಸ್ಕ್ರಿಪ್ಟ್‌ನೊಳಗೆ ಸೇರಿಕೊಳ್ಳುತ್ತದೆ.

## ಆರಂಭಿಸುವ ಮುನ್ನ ಕೈಯಲ್ಲಿರಬೇಕಾದವು

ಸುಡೊ ಅಧಿಕಾರವಿರುವ (ಅಂದರೆ ‘ರೂಟ್’ ಎಂಬ ಪೂರ್ಣಾಧಿಕಾರದ ಖಾತೆಯಾಗಿ ಕಮಾಂಡ್ ಓಡಿಸಬಲ್ಲ) ಖಾತೆಯೊಂದು, ಫೈಲ್‌ಗಳ ಬದಲಾವಣೆಯ ಇತಿಹಾಸ ಇಡುವ ಗಿಟ್ ಮತ್ತು ಇಟಿಸಿ-ಕೀಪರ್ ಪ್ಯಾಕೇಜ್‌ಗಳು ಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಎಸ್‌ಎಸ್‌ಎಚ್ ಕೈಕೊಟ್ಟರೂ ಒಳಹೋಗಲು ಇನ್ನೊಂದು ದಾರಿ ಇರಬೇಕು. ಕ್ಲೌಡ್ ಸರ್ವರ್ ಆಗಿದ್ದರೆ ಸೇವೆ ಕೊಡುವವರ ವೆಬ್ ಕನ್ಸೋಲ್, ಆಫೀಸಿನಲ್ಲೇ ಇರುವ ಯಂತ್ರವಾಗಿದ್ದರೆ ಮಾನಿಟರ್ ಮತ್ತು ಕೀಬೋರ್ಡ್. ವೆಬ್ ಕನ್ಸೋಲ್ ಇದೆ ಎಂದು ಗೊತ್ತಿದ್ದರೆ ಸಾಲದು. ಅದರಲ್ಲಿ ಒಮ್ಮೆ ನಿಜವಾಗಿ ಲಾಗಿನ್ ಆಗಿ ನೋಡಿ. ಕೀಲಿಯಿಂದ ಮಾತ್ರ ಒಳಹೋಗುವ ಖಾತೆಗಳಿಗೆ ಎಷ್ಟೋ ಸಲ ಪಾಸ್‌ವರ್ಡ್ ಇಟ್ಟೇ ಇರುವುದಿಲ್ಲ. ಹಾಗಿದ್ದಾಗ ಕನ್ಸೋಲ್ ತೆರೆದುಕೊಂಡರೂ ಅದು ಲಾಗಿನ್ ಕೇಳುವಲ್ಲಿಗೇ ನಿಲ್ಲುತ್ತದೆ.

## ಹಂತ 1: ಹಿಂದಿರುಗುವ ದಾರಿಯನ್ನು ಮೊದಲು ಕಟ್ಟಿ

ಇಟಿಸಿ-ಕೀಪರ್ ಇನ್‌ಸ್ಟಾಲ್ ಮಾಡಿದರೆ, ಸೆಟ್ಟಿಂಗ್ ಫೈಲ್‌ಗಳಿರುವ ಇಟಿಸಿ ಫೋಲ್ಡರ್ ಪೂರ್ತಿಯಾಗಿ ಒಂದು ಗಿಟ್ ರೆಪೊಸಿಟರಿ ಆಗುತ್ತದೆ. ಪ್ಯಾಕೇಜ್ ಹಾಕಿದಾಗ, ತೆಗೆದಾಗ ಅದು ತಾನಾಗಿಯೇ ಕಮಿಟ್ ಮಾಡುತ್ತದೆ, ಅಂದರೆ ಆಗಿನ ಸ್ಥಿತಿಯನ್ನು ಇತಿಹಾಸಕ್ಕೆ ಸೇರಿಸುತ್ತದೆ; ಕೈಯಿಂದ ಮಾಡಿದ ಬದಲಾವಣೆಗೆ ‘ಇಟಿಸಿ-ಕೀಪರ್ ಕಮಿಟ್’ ಎಂದು ಕೊಟ್ಟು, ಕಾರಣವನ್ನು ಒಂದು ಸಾಲಿನಲ್ಲಿ ಬರೆಯಬೇಕು. ಏನು ಬದಲಾಯಿತೆಂದು ಗಿಟ್ ತಾನೇ ತೋರಿಸುತ್ತದೆ. ಆದ್ದರಿಂದ ಆ ಸಾಲಿನಲ್ಲಿ ಏಕೆ ಬದಲಾಯಿತು, ಯಾರು ಕೇಳಿದರು ಎಂಬುದಿರಲಿ.

ಎರಡು ಎಚ್ಚರಿಕೆಗಳಿವೆ. ಆ ರೆಪೊಸಿಟರಿಯೊಳಗೆ ಪಾಸ್‌ವರ್ಡ್ ಹ್ಯಾಷ್‌ಗಳಿರುವ ಶ್ಯಾಡೋ ಫೈಲ್ ಕೂಡ ಇರುತ್ತದೆ, ಆದ್ದರಿಂದ ಅದನ್ನು ಹೊರಗಿನ ಗಿಟ್ ಸರ್ವರ್‌ಗೆ ಪುಶ್ ಮಾಡಬಾರದು. ಜೊತೆಗೆ ಎಲ್ಲ ಸೆಟ್ಟಿಂಗ್‌ಗಳೂ ಇಟಿಸಿಯೊಳಗೇ ಇರುತ್ತವೆಂದು ನಂಬಬಾರದು. ಪೋಸ್ಟ್‌ಗ್ರೆಸ್‌ನಲ್ಲಿ ‘ಆಲ್ಟರ್ ಸಿಸ್ಟಮ್’ ಆದೇಶದಿಂದ ಬದಲಿಸಿದ ಮೌಲ್ಯಗಳು ‘ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಡಾಟ್ ಆಟೊ ಡಾಟ್ ಕಾನ್ಫ್’ ಎಂಬ ಫೈಲ್‌ಗೆ ಹೋಗುತ್ತವೆ, ಅದು ಡೇಟಾ ಫೋಲ್ಡರ್‌ನಲ್ಲಿ ಇರುತ್ತದೆ. ಇಟಿಸಿ-ಕೀಪರ್‌ಗೆ ಅದು ಕಾಣುವುದೇ ಇಲ್ಲ.

ಇಲ್ಲಿ ಪದೇ ಪದೇ ಆಗುವ ತಪ್ಪೆಂದರೆ ಹಳೆಯ ಫೈಲ್‌ನ ಪ್ರತಿಯನ್ನು ಅದೇ ಫೋಲ್ಡರ್‌ನಲ್ಲಿ ‘ಬ್ಯಾಕ್’, ‘ಓಲ್ಡ್’ ಎಂದು ಹೆಸರಿಟ್ಟು ಉಳಿಸುವುದು. ಡೆಬಿಯನ್‌ನ ಎಂಜಿನ್‌ಎಕ್ಸ್, ಸೈಟ್ಸ್-ಎನೇಬಲ್ಡ್ ಫೋಲ್ಡರ್‌ನಲ್ಲಿರುವ ಎಲ್ಲವನ್ನೂ ಓದುತ್ತದೆ, ಬಾಲದಲ್ಲಿ ‘ಕಾನ್ಫ್’ ಇರಲೇಬೇಕೆಂದು ಕೇಳುವುದಿಲ್ಲ. ಹೀಗಾಗಿ ನಿಮ್ಮ ಬ್ಯಾಕಪ್ ಪ್ರತಿಯೂ ಜೀವಂತ ಸೆಟ್ಟಿಂಗ್ ಆಗುತ್ತದೆ. ಒಂದೇ ಡೊಮೇನ್ ಹೆಸರು ಎರಡು ಕಡೆ ಕಂಡಾಗ ಎಂಜಿನ್‌ಎಕ್ಸ್ ಒಂದು ಎಚ್ಚರಿಕೆಯ ಸಾಲನ್ನಷ್ಟೇ ಬರೆದು, ಹೆಸರಿನ ಕ್ರಮದಲ್ಲಿ ಮೊದಲು ಸಿಕ್ಕಿದ್ದನ್ನು ಇಟ್ಟುಕೊಂಡು, ಎರಡನೆಯದನ್ನು ಬಿಟ್ಟುಬಿಡುತ್ತದೆ. ಮೊದಲು ಸಿಕ್ಕಿದ್ದು ಹಳೆಯ ಪ್ರತಿಯೇ ಆಗಿದ್ದರೆ ನೀವು ಹೊಸ ಫೈಲ್ ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಗಿಟ್ ಇದ್ದ ಮೇಲೆ ಇಂಥ ಪ್ರತಿಗಳ ಅಗತ್ಯವಿಲ್ಲ. ಇಟ್ಟುಕೊಳ್ಳಲೇಬೇಕೆನಿಸಿದರೆ ರೂಟ್ ಖಾತೆಯ ಹೋಮ್ ಫೋಲ್ಡರ್‌ನಲ್ಲಿ ಇಡಿ.

## ಹಂತ 2: ಈಗ ನಡೆಯುತ್ತಿರುವ ಮೌಲ್ಯವನ್ನು ಸರ್ವಿಸ್‌ನಿಂದಲೇ ಕೇಳಿ

ಫೈಲ್‌ನಲ್ಲಿ ಬರೆದಿರುವುದು ಒಂದು, ಓಡುತ್ತಿರುವ ಪ್ರೋಗ್ರಾಂ ಬಳಸುತ್ತಿರುವುದು ಇನ್ನೊಂದು ಇರಬಹುದು. ಅದಕ್ಕಾಗಿ ಫೈಲ್ ತೆರೆಯುವ ಮೊದಲು ಪ್ರೋಗ್ರಾಂ ಅನ್ನೇ ಕೇಳಬೇಕು. ಹೆಚ್ಚಿನ ಪ್ರೋಗ್ರಾಂಗಳಲ್ಲಿ ಇದಕ್ಕೆ ವ್ಯವಸ್ಥೆ ಇದೆ, ಆದರೆ ಬಳಸುವವರು ಕಡಿಮೆ.

ಎಂಜಿನ್‌ಎಕ್ಸ್ ಕಮಾಂಡ್‌ಗೆ ದೊಡ್ಡಕ್ಷರದ ‘ಟಿ’ ಆಯ್ಕೆ ಕೊಟ್ಟರೆ ಎಲ್ಲ ಫೈಲ್‌ಗಳನ್ನೂ ಓದಿದ ಕ್ರಮದಲ್ಲೇ, ಫೈಲ್ ಹೆಸರಿನ ಸಮೇತ ಒಟ್ಟಿಗೆ ಸುರಿಯುತ್ತದೆ. ಎಸ್‌ಎಸ್‌ಎಚ್-ಡಿಗೆ ರೂಟ್ ಆಗಿ ಅದೇ ದೊಡ್ಡ ‘ಟಿ’ ಕೊಟ್ಟರೆ ಎಲ್ಲ ಫೈಲ್‌ಗಳನ್ನೂ ಕೂಡಿಸಿದ ಮೇಲೆ ಅಂತಿಮವಾಗಿ ನಿಂತ ಮೌಲ್ಯಗಳ ಪಟ್ಟಿ ಬರುತ್ತದೆ. ಇವೆರಡೂ ಆ ಕ್ಷಣದಲ್ಲಿ ಡಿಸ್ಕ್ ಮೇಲಿರುವುದನ್ನೇ ಓದಿ ಹೇಳುತ್ತವೆ ಎಂಬುದು ನೆನಪಿರಲಿ. ಯಾರೋ ತಿದ್ದಿ ರೀಲೋಡ್ (ಸರ್ವಿಸ್ ನಿಲ್ಲಿಸದೆ ಫೈಲ್‌ಗಳನ್ನು ಮತ್ತೆ ಓದಿಸುವುದು) ಮಾಡದೆ ಬಿಟ್ಟಿದ್ದರೆ ಓಡುತ್ತಿರುವುದು ಹಳೆಯದೇ ಆಗಿರುತ್ತದೆ. ಸಿಸ್ಟಮ್‌ಡಿ (ಸರ್ವಿಸ್‌ಗಳನ್ನು ಶುರು ಮಾಡಿ ನಿಲ್ಲಿಸುವ ವ್ಯವಸ್ಥೆ) ನಡೆಸುವ ಸರ್ವಿಸ್‌ಗಳಿಗೆ ‘ಸಿಸ್ಟಮ್‌ಸಿಟಿಎಲ್ ಕ್ಯಾಟ್’ ಮೂಲ ಫೈಲನ್ನೂ ಅದರ ಮೇಲೆ ಬಂದ ತಿದ್ದುಪಡಿಗಳನ್ನೂ ಒಂದರ ಕೆಳಗೊಂದು ತೋರಿಸುತ್ತದೆ.

ಈ ವಿಷಯದಲ್ಲಿ ಪೋಸ್ಟ್‌ಗ್ರೆಸ್ ಎಲ್ಲಕ್ಕಿಂತ ಅಚ್ಚುಕಟ್ಟು. ‘ಪಿಜಿ ಸೆಟ್ಟಿಂಗ್ಸ್’ ಎಂಬ ವ್ಯೂನಲ್ಲಿ (ಟೇಬಲ್‌ನಂತೆ ಓದಬಹುದಾದ ಪಟ್ಟಿ) ಪ್ರತಿ ಸೆಟ್ಟಿಂಗ್‌ನ ಈಗಿನ ಮೌಲ್ಯ, ಅದು ಯಾವ ಫೈಲ್‌ನ ಎಷ್ಟನೆಯ ಸಾಲಿನಿಂದ ಬಂತು, ಬದಲಿಸಲು ರೀಲೋಡ್ ಸಾಕೇ ರೀಸ್ಟಾರ್ಟ್ ಬೇಕೇ ಎಂಬುದೆಲ್ಲ ಇರುತ್ತದೆ. ‘ಪೆಂಡಿಂಗ್ ರೀಸ್ಟಾರ್ಟ್’ ಕಾಲಂನಲ್ಲಿ ‘ಟ್ರೂ’ ಕಂಡರೆ ಯಾರೋ ಬದಲಿಸಿ, ರೀಸ್ಟಾರ್ಟ್ ಮಾಡದೆ ಎದ್ದು ಹೋಗಿದ್ದಾರೆ ಎಂದರ್ಥ.

ಪಿಎಚ್‌ಪಿಯಲ್ಲಿ ಎಡವುವವರು ಬಹಳ. ಟರ್ಮಿನಲ್‌ನಲ್ಲಿ ಪಿಎಚ್‌ಪಿಗೆ ‘ಐ’ ಆಯ್ಕೆ ಕೊಟ್ಟು ನೋಡಿ, ಮೌಲ್ಯ ಸರಿಯಿದೆ ಎಂದು ಸಮಾಧಾನಪಡುತ್ತಾರೆ. ಆದರೆ ಡೆಬಿಯನ್‌ನಲ್ಲಿ ಟರ್ಮಿನಲ್‌ನ ಪಿಎಚ್‌ಪಿಗೆ ಸಿಎಲ್‌ಐ ಫೋಲ್ಡರ್, ವೆಬ್‌ಸೈಟ್ ನಡೆಸುವ ಪಿಎಚ್‌ಪಿಗೆ ಎಫ್‌ಪಿಎಂ ಫೋಲ್ಡರ್ ಎಂದು ಎರಡು ಬೇರೆ ಬೇರೆ ‘ಪಿಎಚ್‌ಪಿ ಡಾಟ್ ಐಎನ್‌ಐ’ ಇರುತ್ತವೆ. ಪಿಎಚ್‌ಪಿ-ಎಫ್‌ಪಿಎಂ ಕಮಾಂಡ್‌ಗೇ ‘ಐ’ ಆಯ್ಕೆ ಕೊಟ್ಟು ಕೇಳಬೇಕು. ಅಲ್ಲೂ ನಿಲ್ಲಬಾರದು, ಏಕೆಂದರೆ ಎಫ್‌ಪಿಎಂನ ಪೂಲ್ ಫೈಲ್‌ನಲ್ಲಿ (ಪಿಎಚ್‌ಪಿ ಪ್ರಕ್ರಿಯೆಗಳ ಗುಂಪನ್ನು ಹೊಂದಿಸುವ ಫೈಲ್) ‘ಪಿಎಚ್‌ಪಿ ಅಡ್ಮಿನ್ ವ್ಯಾಲ್ಯೂ’ ಎಂದು ಯಾರಾದರೂ ಬರೆದಿದ್ದರೆ ಅದು ಐಎನ್‌ಐ ಫೈಲ್‌ಗಳನ್ನೆಲ್ಲ ಮೀರುತ್ತದೆ.

## ಹಂತ 3: ಮೂಲ ಫೈಲ್ ಮುಟ್ಟಬೇಡಿ, ನಿಮ್ಮ ಬದಲಾವಣೆಗೆ ಬೇರೆ ಫೈಲ್ ಮಾಡಿ

ಪ್ಯಾಕೇಜ್ ಜೊತೆಗೆ ಬಂದ ಫೈಲ್ ಅನ್ನು ನೇರವಾಗಿ ತಿದ್ದಿದರೆ ಮುಂದಿನ ಅಪ್‌ಗ್ರೇಡ್‌ನಲ್ಲಿ ಪ್ಯಾಕೇಜ್‌ಗಳನ್ನು ಹಾಕುವ ಡಿಪಿಕೆಜಿ ನಿಂತು, ಹೊಸದನ್ನು ಹಾಕಲೇ ಹಳೆಯದನ್ನು ಉಳಿಸಲೇ ಎಂದು ಕೇಳುತ್ತದೆ. ರಾತ್ರಿ ಹೊತ್ತಿನಲ್ಲಿ ಅಪ್‌ಗ್ರೇಡ್ ಮಾಡುವವರಿಗೆ ಐನೂರು ಸಾಲಿನ ಫೈಲ್‌ನಲ್ಲಿ ನಿಮ್ಮ ಐದು ಸಾಲು ಯಾವುದೆಂದು ಹೇಗೆ ತಿಳಿಯಬೇಕು? ಸ್ವಂತ ಬದಲಾವಣೆಗಳನ್ನು ಪ್ರತ್ಯೇಕ ಫೈಲ್‌ಗೆ ಹಾಕಿದರೆ ಆ ಪ್ರಶ್ನೆಯೇ ಏಳುವುದಿಲ್ಲ. ಈ ಸರ್ವರ್‌ನಲ್ಲಿ ನಾವು ಏನೇನು ಬದಲಿಸಿದ್ದೇವೆ ಎಂಬುದಕ್ಕೂ ಆ ಫೈಲೇ ಉತ್ತರವಾಗುತ್ತದೆ. ಎಂಜಿನ್‌ಎಕ್ಸ್‌ಗೆ ಕಾನ್ಫ್-ಡಿ, ಎಸ್‌ಎಸ್‌ಎಚ್‌ಗೆ ಎಸ್‌ಎಸ್‌ಎಚ್‌ಡಿ-ಕಾನ್ಫಿಗ್-ಡಿ, ಸುಡೊಗೆ ಸುಡೋಯರ್ಸ್-ಡಿ ಎಂದು ಹೆಚ್ಚಿನವಕ್ಕೆ ಇಂಥ ಫೋಲ್ಡರ್ ಇದ್ದೇ ಇರುತ್ತದೆ. ಸಿಸ್ಟಮ್‌ಡಿ ಸರ್ವಿಸ್‌ಗೆ ‘ಸಿಸ್ಟಮ್‌ಸಿಟಿಎಲ್ ಎಡಿಟ್’ ಕೊಟ್ಟರೆ ಅದೇ ಸರಿಯಾದ ಜಾಗದಲ್ಲಿ ಫೈಲ್ ಮಾಡಿಕೊಡುತ್ತದೆ.

ಕಷ್ಟ ಶುರುವಾಗುವುದು ಇಲ್ಲಿಂದಲೇ. ಎರಡು ಫೈಲ್‌ಗಳು ಬೇರೆ ಬೇರೆ ಮಾತು ಹೇಳಿದಾಗ ಯಾವುದು ಗೆಲ್ಲುತ್ತದೆ ಎಂಬ ನಿಯಮ ಒಂದೊಂದು ಪ್ರೋಗ್ರಾಂಗೆ ಒಂದೊಂದು ರೀತಿ.

ಎಸ್‌ಎಸ್‌ಎಚ್‌ನಲ್ಲಿ ಮೊದಲು ಸಿಕ್ಕ ಮೌಲ್ಯವೇ ಅಂತಿಮ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ‘ಇನ್‌ಕ್ಲೂಡ್’ ಸಾಲು ಮೂಲ ಫೈಲ್‌ನ ಮೇಲ್ಭಾಗದಲ್ಲಿ ಇರುವುದರಿಂದ ಪ್ರತ್ಯೇಕ ಫೋಲ್ಡರ್‌ನಲ್ಲಿರುವ ಫೈಲ್‌ಗಳು ಮೊದಲು ಓದಲ್ಪಡುತ್ತವೆ. ಕ್ಲೌಡ್ ಸರ್ವರ್‌ಗಳಲ್ಲಿ, ಯಂತ್ರ ಮೊದಲ ಸಲ ಶುರುವಾದಾಗ ಅದನ್ನು ಹೊಂದಿಸುವ ಕ್ಲೌಡ್-ಇನಿಟ್ ಹಾಕಿದ, 50ರಿಂದ ಆರಂಭವಾಗುವ ಹೆಸರಿನ ಫೈಲ್ ಒಂದು ಅಲ್ಲಿ ಇರಬಹುದು. ಅದರಲ್ಲಿ ಪಾಸ್‌ವರ್ಡ್ ಲಾಗಿನ್ ‘ಯೆಸ್’ ಎಂದಿದ್ದರೆ ನೀವು ಮೂಲ ಫೈಲ್‌ನಲ್ಲಿ ‘ನೋ’ ಎಂದು ಬರೆದು ನಿಶ್ಚಿಂತರಾಗಿದ್ದರೂ ಬಾಗಿಲು ತೆರೆದೇ ಇರುತ್ತದೆ. ಇದು ಬರೀ ಅನಾನುಕೂಲವಲ್ಲ, ಭದ್ರತೆಯ ಲೋಪ. ಫೈಲ್‌ಗಳು ಹೆಸರಿನ ಕ್ರಮದಲ್ಲಿ ಓದಲ್ಪಡುವುದರಿಂದ ಇಲ್ಲಿ ನಿಮ್ಮ ಫೈಲ್ ಹೆಸರು 10ರಿಂದ ಆರಂಭವಾಗಬೇಕು, 99ರಿಂದಲ್ಲ.

ಪೋಸ್ಟ್‌ಗ್ರೆಸ್, ಪಿಎಚ್‌ಪಿ, ಕರ್ನಲ್‌ನ ಸಿಸ್‌ಸಿಟಿಎಲ್ ಮತ್ತು ಸಿಸ್ಟಮ್‌ಡಿಗಳಲ್ಲಿ ಇದು ತಿರುಗುಮುರುಗು: ಕೊನೆಗೆ ಓದಿದ್ದೇ ಗೆಲ್ಲುತ್ತದೆ, ಆದ್ದರಿಂದ ಅಲ್ಲಿ 99ರ ಹೆಸರು ಸರಿ. ಸಿಸ್ಟಮ್‌ಡಿಯಲ್ಲಿ ಇನ್ನೊಂದು ಕೊಕ್ಕೆ ಇದೆ. ‘ಎಕ್ಸೆಕ್-ಸ್ಟಾರ್ಟ್’ನಂಥ ಪಟ್ಟಿ ರೂಪದ ಸೆಟ್ಟಿಂಗ್‌ಗಳು ಬದಲಾಗುವುದಿಲ್ಲ, ಹಿಂದಿನದಕ್ಕೆ ಸೇರಿಕೊಳ್ಳುತ್ತವೆ, ಹಾಗಾಗಿ ಮೊದಲು ಮೌಲ್ಯವಿಲ್ಲದ ಖಾಲಿ ‘ಎಕ್ಸೆಕ್-ಸ್ಟಾರ್ಟ್’ ಸಾಲೊಂದನ್ನು ಬರೆದು, ಮುಂದಿನ ಸಾಲಿನಲ್ಲಿ ಹೊಸದನ್ನು ಕೊಡಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಎಲ್ಲ ಫೈಲ್‌ಗಳ ನಂತರ ಮೇಲೆ ಹೇಳಿದ ‘ಆಟೊ’ ಫೈಲ್ ಓದಲ್ಪಡುತ್ತದೆ. ಒಬ್ಬರು ಫೈಲ್ ತಿದ್ದುತ್ತ, ಇನ್ನೊಬ್ಬರು ‘ಆಲ್ಟರ್ ಸಿಸ್ಟಮ್’ ಬಳಸುತ್ತ ಇದ್ದರೆ ಒಂದು ಮನೆಗೆ ಇಬ್ಬರು ಯಜಮಾನರಾದಂತೆ. ತಂಡದಲ್ಲಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಫೈಲ್ ದಾರಿಯೇ ಸಾಕೆನ್ನುವವರಿಗೆ ಪೋಸ್ಟ್‌ಗ್ರೆಸ್ 17ರಿಂದ ‘ಆಲ್ಟರ್ ಸಿಸ್ಟಮ್’ ಅನ್ನೇ ಮುಚ್ಚುವ ಸೆಟ್ಟಿಂಗ್ ಇದೆ.

ಎಂಜಿನ್‌ಎಕ್ಸ್‌ನದು ಮೂರನೆಯ ದಾರಿ. ಒಂದೇ ಮಟ್ಟದಲ್ಲಿ (ಒಂದೇ ಬ್ಲಾಕ್‌ನೊಳಗೆ) ಒಂದು ಸೆಟ್ಟಿಂಗ್ ಎರಡು ಸಲ ಬಂದರೆ ಸಾಮಾನ್ಯವಾಗಿ ‘ಡೂಪ್ಲಿಕೇಟ್’ ಎಂಬ ದೋಷ ಬರುತ್ತದೆ. ಬೇರೆ ಮಟ್ಟಗಳಲ್ಲಿದ್ದರೆ ಒಳಗಿನದು ಗೆಲ್ಲುತ್ತದೆ. ‘ಎಚ್‌ಟಿಟಿಪಿ’ ಮಟ್ಟದಲ್ಲಿ ನೀವು ಹಾಕಿದ್ದನ್ನು ಆ ಸೈಟಿನ ‘ಸರ್ವರ್’ ಬ್ಲಾಕ್‌ನಲ್ಲಿರುವ ಹಳೆಯ ಸಾಲು ಸದ್ದಿಲ್ಲದೆ ಮೀರಬಹುದು. ಸರ್ವರ್‌ನ ಉತ್ತರಕ್ಕೆ ಹೆಡರ್ ಸೇರಿಸುವ ‘ಆ್ಯಡ್-ಹೆಡರ್’ ಇನ್ನೂ ಹಟಮಾರಿ: ಒಳಗಿನ ಬ್ಲಾಕ್‌ನಲ್ಲಿ ಒಂದೇ ಒಂದು ‘ಆ್ಯಡ್-ಹೆಡರ್’ ಬರೆದರೂ ಹೊರಗಿನವು ಅಷ್ಟೂ ಬಿದ್ದುಹೋಗುತ್ತವೆ.

ಫೈಲ್‌ನ ಹೆಸರೇ ತೊಡಕಾಗುವುದೂ ಉಂಟು. ಸುಡೋಯರ್ಸ್-ಡಿ ಫೋಲ್ಡರ್‌ನಲ್ಲಿ ಹೆಸರಿನೊಳಗೆ ಚುಕ್ಕಿ ಇರುವ ಫೈಲ್ ಅನ್ನು ಸುಡೊ ಓದುವುದೇ ಇಲ್ಲ. ಬೇರೆಲ್ಲ ಕಡೆ ‘ಡಾಟ್ ಕಾನ್ಫ್’ ಬೇಕು ಎಂಬ ಅಭ್ಯಾಸದಿಂದ ಇಲ್ಲೂ ಹಾಗೇ ಹೆಸರಿಟ್ಟು, ನಿಯಮ ಏಕೆ ಜಾರಿಯಾಗುತ್ತಿಲ್ಲವೆಂದು ಗಂಟೆಗಟ್ಟಲೆ ಹುಡುಕುವವರಿದ್ದಾರೆ. ದೋಷದ ಸಂದೇಶವೇನೂ ಬರುವುದಿಲ್ಲ.

## ಹಂತ 4: ಒಂದು ಬೇಡಿಕೆ ಎಷ್ಟು ಕಡೆ ಮುಟ್ಟುತ್ತದೆ ಎಂದು ಗುರುತಿಸಿ

ಅಡ್ಮಿನ್‌ಗೆ ಬರುವ ಬೇಡಿಕೆ ‘ಅರ್ಜಿಯ ಜೊತೆ 20 ಎಂಬಿಯ ಪಿಡಿಎಫ್ ಹಾಕಲು ಆಗಬೇಕು’ ಎಂದಿರುತ್ತದೆ. ಸರ್ವರ್‌ನಲ್ಲಿ ಅದು ಕನಿಷ್ಠ ಮೂರು ಸೆಟ್ಟಿಂಗ್. ಎಂಜಿನ್‌ಎಕ್ಸ್‌ನ ‘ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್’ ಡೀಫಾಲ್ಟ್ ಆಗಿ 1 ಎಂಬಿ, ಪಿಎಚ್‌ಪಿಯ ‘ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್’ 2 ಎಂಬಿ, ‘ಪೋಸ್ಟ್ ಮ್ಯಾಕ್ಸ್ ಸೈಜ್’ 8 ಎಂಬಿ. ಯಾವುದು ಮೊದಲು ಅಡ್ಡಬರುತ್ತದೆ ಎಂಬುದರ ಮೇಲೆ ಲಕ್ಷಣವೂ ಬೇರೆ. ಎಂಜಿನ್‌ಎಕ್ಸ್ ತಡೆದರೆ 413 ಎಂಬ ಸಂಖ್ಯೆಯ ದೋಷಪುಟ ಕಾಣುತ್ತದೆ. ಇದು ಒಳ್ಳೆಯದು, ಏಕೆಂದರೆ ಕಾರಣ ಕಣ್ಣಿಗೆ ಬೀಳುತ್ತದೆ. ‘ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್’ ತಡೆದರೆ ಆ ಒಂದು ಫೈಲ್ ಮಾತ್ರ ದೋಷದೊಂದಿಗೆ ಬರುತ್ತದೆ, ಫಾರಂನ ಉಳಿದ ಮಾಹಿತಿ ಬರುತ್ತದೆ. ‘ಪೋಸ್ಟ್ ಮ್ಯಾಕ್ಸ್ ಸೈಜ್’ ತಡೆದಾಗ ಮಾತ್ರ ಫಾರಂ ಪೂರ್ತಿ ಖಾಲಿಯಾಗಿ ಅಪ್ಲಿಕೇಶನ್ ಕೈಸೇರುತ್ತದೆ. ಎಲ್ಲ ತುಂಬಿದ ಅಭ್ಯರ್ಥಿಗೆ ‘ಹೆಸರು ಕಡ್ಡಾಯ’ ಎಂಬ ಕೆಂಪಕ್ಷರ ಕಾಣುತ್ತದೆ, ಅಡ್ಮಿನ್ ಮಾತ್ರ ಅಪ್ಲಿಕೇಶನ್‌ನ ಕೋಡ್‌ನಲ್ಲಿ ದೋಷ ಹುಡುಕುತ್ತಿರುತ್ತಾರೆ.

ಇಂಥ ಬೇಡಿಕೆ ಬಂದಾಗ ಒಳಗಿನಿಂದ ಹೊರಗೆ ಬದಲಿಸುತ್ತ ಬನ್ನಿ: ‘ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್’ 20, ಫಾರಂನ ಉಳಿದ ಭಾಗಕ್ಕೂ ಜಾಗವಿರುವಂತೆ ‘ಪೋಸ್ಟ್ ಮ್ಯಾಕ್ಸ್ ಸೈಜ್’ 24, ಎಂಜಿನ್‌ಎಕ್ಸ್‌ನಲ್ಲೂ 24. ಈ ಮೂರನ್ನೂ ಸೇರಿಸಿ ಒಂದು ಪುಟದ ಟಿಪ್ಪಣಿ ಮಾಡಿ, ಇಟಿಸಿಯೊಳಗೇ ಇಡಿ. ಸರ್ವರ್‌ನಲ್ಲಿ ಮತ್ತೆ ಮತ್ತೆ ಬದಲಾಗುವ ಬೇಡಿಕೆಗಳು ಹತ್ತೋ ಹನ್ನೆರಡೋ ಇರುತ್ತವೆ, ಅಷ್ಟಕ್ಕೇ ಈ ಪಟ್ಟಿ ಸಾಕು. ಇಡೀ ಕಾನ್ಫಿಗರೇಶನ್‌ಗೆ ಕೈಪಿಡಿ ಬರೆಯಲು ಹೊರಟವರು ಸಾಮಾನ್ಯವಾಗಿ ಮುಗಿಸುವುದಿಲ್ಲ, ಮುಗಿಸಿದರೂ ಆ ಕೈಪಿಡಿಯನ್ನು ಯಾರೂ ಓದುವುದಿಲ್ಲ.

## ಹಂತ 5: ಮುಂದಿನವರು ಓದುವಂತೆ, ಪ್ರೋಗ್ರಾಂ ಒಪ್ಪುವಂತೆ ಬರೆಯಿರಿ

ಪ್ರತಿ ಬದಲಾವಣೆಯ ಮೇಲೆ ಕಾಮೆಂಟ್ ಇರಲಿ. ಅದನ್ನು ಕನ್ನಡದಲ್ಲೇ ಬರೆಯಬಹುದು. ಯುಟಿಎಫ್-8ರಲ್ಲಿ ಉಳಿಸಿದರೆ ಈ ಯಾವ ಪ್ರೋಗ್ರಾಂಗೂ ಅಡ್ಡಿಯಿಲ್ಲ. ಕೆಳಗಿನಂಥ ಕಾಮೆಂಟ್ ಇದ್ದರೆ ಬದಲಿಸುವವರು ಯಾರಿಗೂ ಫೋನ್ ಮಾಡಬೇಕಿಲ್ಲ:

# ಪ್ರವೇಶಾತಿ ಅರ್ಜಿಯ ಸ್ಕ್ಯಾನ್ ಪಿಡಿಎಫ್ 20 ಎಂಬಿವರೆಗೆ ಬರುತ್ತದೆ. ಪಿಎಚ್‌ಪಿಯ 99-ಲೋಕಲ್ ಫೈಲ್‌ನಲ್ಲಿ ಇದರ ಜೋಡಿ ಎರಡು ಸಾಲುಗಳಿವೆ, ಒಟ್ಟಿಗೆ ಬದಲಿಸಿ. ಹಿಂದೆ ಇದ್ದದ್ದು: 1 ಎಂಬಿ. ರೀಲೋಡ್ ಸಾಕು.

ಕಾಮೆಂಟ್ ಗುರುತನ್ನೂ ನೋಡಿಕೊಳ್ಳಬೇಕು. ಎಂಜಿನ್‌ಎಕ್ಸ್‌ನಲ್ಲಿ ಹ್ಯಾಷ್ ನಡೆಯುತ್ತದೆ. ಪಿಎಚ್‌ಪಿಯ ಐಎನ್‌ಐ ಫೈಲ್‌ನಲ್ಲಿ ಆವೃತ್ತಿ 7ರಿಂದ ಅದು ನಡೆಯುವುದಿಲ್ಲ, ಅರ್ಧವಿರಾಮ ಚಿಹ್ನೆಯೇ ಬೇಕು.

ಅಳತೆಯ ಘಟಕಗಳು ಇದಕ್ಕಿಂತ ಅಪಾಯಕಾರಿ. 20 ಎಂಬಿ ಎನ್ನಲು ಎಂಜಿನ್‌ಎಕ್ಸ್‌ಗೂ ಪಿಎಚ್‌ಪಿಗೂ 20ರ ಮುಂದೆ ‘ಎಂ’ ಒಂದೇ ಅಕ್ಷರ ಬರೆಯಬೇಕು. ‘ಎಂಬಿ’ ಎಂದು ಎರಡಕ್ಷರ ಬರೆದರೆ ಎಂಜಿನ್‌ಎಕ್ಸ್ ದೋಷ ತೋರಿಸಿ ನಿಲ್ಲುತ್ತದೆ. ಪಿಎಚ್‌ಪಿ ಅದನ್ನು 20 ಬೈಟ್ ಎಂದು ತಿಳಿದು ಮುಂದುವರಿಯುತ್ತದೆ. ಪೋಸ್ಟ್‌ಗ್ರೆಸ್‌ಗೆ ‘ಎಂಬಿ’ ಎಂಬ ಎರಡೂ ಅಕ್ಷರಗಳು ಬೇಕು, ಅದೂ ದೊಡ್ಡಕ್ಷರದಲ್ಲಿ. ಘಟಕವನ್ನೇ ಬಿಟ್ಟರೆ ಇನ್ನೂ ತಮಾಷೆ: ಡೇಟಾಬೇಸ್ ಬಳಸುವ ಮೆಮೊರಿಯ ಸೆಟ್ಟಿಂಗ್ ಆದ ‘ಶೇರ್ಡ್ ಬಫರ್ಸ್’ 128 ಎಂದಷ್ಟೇ ಬರೆದರೆ ಪೋಸ್ಟ್‌ಗ್ರೆಸ್ ಅದನ್ನು 8 ಕೆಬಿಯ 128 ಬ್ಲಾಕ್‌ಗಳೆಂದು ಓದುತ್ತದೆ, ಅಂದರೆ ಒಟ್ಟು 1 ಎಂಬಿ. ಡೇಟಾಬೇಸ್ ಶುರುವಾಗುತ್ತದೆ, ತೆವಳುತ್ತದೆ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಒಂದು ವಿಶೇಷ ಸೂಚನೆ. ಕಾಮೆಂಟ್ ಬರೆದು ಕೀಬೋರ್ಡ್ ಬದಲಿಸದೆ ಮೌಲ್ಯದ ಸಾಲಿಗೆ ಹೋದರೆ ಕನ್ನಡ ಅಂಕಿಯೋ ಅರ್ಕಾವತ್ತು ಬೇರ್ಪಡಿಸಲು ಬಳಸುವ ಕಾಣದ ಅಕ್ಷರವೋ ಅಲ್ಲಿ ಸೇರಿಬಿಡಬಹುದು. ವರ್ಡ್‌ನಿಂದ ಕಾಪಿ ಮಾಡಿದ ಸಾಲಿನಲ್ಲಿ ನೇರ ಉದ್ಧರಣ ಚಿಹ್ನೆಯ ಬದಲು ಬಾಗಿದ ಚಿಹ್ನೆ ಬರುತ್ತದೆ, ವಿಂಡೋಸ್‌ನಲ್ಲಿ ತಿದ್ದಿದ ಫೈಲ್‌ನ ಪ್ರತಿ ಸಾಲಿನ ಕೊನೆಗೆ ಹೆಚ್ಚುವರಿ ಅಕ್ಷರ ಉಳಿಯುತ್ತದೆ. ‘ಕ್ಯಾಟ್’ ಕಮಾಂಡ್‌ಗೆ ದೊಡ್ಡಕ್ಷರದ ‘ಎ’ ಆಯ್ಕೆ ಕೊಟ್ಟರೆ ಇವೆಲ್ಲ ಹೊರಬೀಳುತ್ತವೆ. ಕಣ್ಣಿಗೆ ಸರಿಯಾಗಿಯೇ ಕಾಣುವ ಸಾಲು ದೋಷ ಕೊಡುತ್ತಿದ್ದರೆ ಮೊದಲು ಇದನ್ನೇ ನೋಡಿ.

ಸರ್ವಿಸ್‌ಗೆ ವೇರಿಯಬಲ್‌ಗಳನ್ನು ಕೊಡುವ ಸಿಸ್ಟಮ್‌ಡಿಯ ‘ಎನ್ವಿರಾನ್‌ಮೆಂಟ್ ಫೈಲ್’ ಶೆಲ್ ಸ್ಕ್ರಿಪ್ಟ್ ಅಲ್ಲ. ಅದರಲ್ಲಿ ‘ಎಕ್ಸ್‌ಪೋರ್ಟ್’ ಎಂದು ಬರೆದ ಸಾಲು ಕೈಬಿಟ್ಟುಹೋಗುತ್ತದೆ, ಡಾಲರ್ ಚಿಹ್ನೆಯ ವೇರಿಯಬಲ್ ಜಾಗಕ್ಕೆ ಅದರ ಮೌಲ್ಯ ಬರುವುದಿಲ್ಲ. ಉಬುಂಟುವಿನ ನೆಟ್‌ವರ್ಕ್ ಹೊಂದಿಸುವ ನೆಟ್‌ಪ್ಲಾನ್‌ನಂಥ ಯಾಮಲ್ ಫೈಲ್‌ನಲ್ಲಿ ಇಂಡೆಂಟ್‌ಗೆ ಟ್ಯಾಬ್ ಒಪ್ಪಿಗೆಯಿಲ್ಲ, ಸ್ಪೇಸ್ ಮಾತ್ರ.

## ಹಂತ 6: ಪರೀಕ್ಷೆ, ಆಮೇಲೆ ರೀಲೋಡ್, ಆಮೇಲೆ ಖಾತ್ರಿ

ಎಂಜಿನ್‌ಎಕ್ಸ್, ಎಸ್‌ಎಸ್‌ಎಚ್-ಡಿ, ಪಿಎಚ್‌ಪಿ-ಎಫ್‌ಪಿಎಂ ಮೂರಕ್ಕೂ ಸಣ್ಣಕ್ಷರದ ‘ಟಿ’ ಆಯ್ಕೆಯಿಂದ ಫೈಲ್‌ಗಳ ವ್ಯಾಕರಣ ಪರೀಕ್ಷೆಯಾಗುತ್ತದೆ. ಸುಡೊಗೆ ‘ವಿಸುಡೊ’ ಕಮಾಂಡ್‌ನ ‘ಸಿ’ ಆಯ್ಕೆ ಇದೆ, ಪೋಸ್ಟ್‌ಗ್ರೆಸ್‌ಗೆ ‘ಪಿಜಿ ಫೈಲ್ ಸೆಟ್ಟಿಂಗ್ಸ್’ ವ್ಯೂ ಇದೆ, ಅದರ ‘ಎರರ್’ ಕಾಲಂ ನೋಡಬೇಕು. ಪರೀಕ್ಷೆ ಪಾಸಾದರೂ ಮಧ್ಯೆ ಬಂದ ಎಚ್ಚರಿಕೆಯ ಸಾಲುಗಳನ್ನು ಓದದೆ ಮುಂದೆ ಹೋಗಬೇಡಿ. ಒಂದನೆಯ ಹಂತದಲ್ಲಿ ಹೇಳಿದ ಡೊಮೇನ್ ಘರ್ಷಣೆ ‘ಪಾಸ್’ ಆದ ಪರೀಕ್ಷೆಯ ಮೇಲ್ಗಡೆಯೇ ಕಾಣಿಸುತ್ತದೆ.

ರೀಲೋಡ್ ಸಾಕಾಗುವ ಕಡೆ ರೀಸ್ಟಾರ್ಟ್ ಮಾಡಬಾರದು. ರೀಲೋಡ್ ಆದ ಎಂಜಿನ್‌ಎಕ್ಸ್ ಚಾಲ್ತಿಯಲ್ಲಿರುವ ಬೇಡಿಕೆಗಳನ್ನು ಹಳೆಯ ವರ್ಕರ್‌ಗಳಿಂದ ಮುಗಿಸಿ, ಹೊಸದನ್ನು ಹೊಸ ಸೆಟ್ಟಿಂಗ್‌ನಲ್ಲಿ ಎತ್ತಿಕೊಳ್ಳುತ್ತದೆ. ಫೈಲ್ ತಪ್ಪಿದ್ದರೆ ಹಳೆಯ ಸೆಟ್ಟಿಂಗ್‌ನಲ್ಲೇ ಮುಂದುವರಿಯುತ್ತದೆ. ಈ ಒಳ್ಳೆಯತನವೇ ಕೆಲವೊಮ್ಮೆ ಮುಳುವಾಗುತ್ತದೆ. ತಪ್ಪು ಫೈಲ್ ಡಿಸ್ಕ್ ಮೇಲೆ ಉಳಿದು, ಸೈಟ್ ಚೆನ್ನಾಗಿಯೇ ನಡೆಯುತ್ತಿದ್ದು, ಮೂರು ತಿಂಗಳ ನಂತರ ಕರೆಂಟ್ ಹೋಗಿ ಯಂತ್ರ ಮತ್ತೆ ಶುರುವಾದಾಗ ಎಂಜಿನ್‌ಎಕ್ಸ್ ಮೇಲೇಳುವುದಿಲ್ಲ. ಆಗ ಏನು ಬದಲಾಯಿತೆಂದು ಯಾರಿಗೂ ನೆನಪಿರುವುದಿಲ್ಲ.

ಪೋಸ್ಟ್‌ಗ್ರೆಸ್‌ನಲ್ಲಿ ‘ವರ್ಕ್ ಮೆಮ್’ಗೆ ರೀಲೋಡ್ ಸಾಕು, ‘ಶೇರ್ಡ್ ಬಫರ್ಸ್’, ‘ಮ್ಯಾಕ್ಸ್ ಕನೆಕ್ಷನ್ಸ್’ಗೆ ರೀಸ್ಟಾರ್ಟ್ ಬೇಕು. ಉಬುಂಟು 22.10ರಿಂದ ಎಸ್‌ಎಸ್‌ಎಚ್ ಸಾಕೆಟ್ ಮೂಲಕ (ಪೋರ್ಟ್ ಅನ್ನು ಸಿಸ್ಟಮ್‌ಡಿಯೇ ಹಿಡಿದಿಟ್ಟು) ಶುರುವಾಗುವುದರಿಂದ ಪೋರ್ಟ್ ಬದಲಿಸಿ ಎಸ್‌ಎಸ್‌ಎಚ್ ಸರ್ವಿಸ್ ಅನ್ನು ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಹಳೆಯ ಪೋರ್ಟೇ ಉಳಿಯಬಹುದು. 24.04ರಲ್ಲಿ ಮತ್ತು ಅದರ ನಂತರದವುಗಳಲ್ಲಿ ‘ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್’ ಕೊಟ್ಟು ‘ಎಸ್‌ಎಸ್‌ಎಚ್ ಡಾಟ್ ಸಾಕೆಟ್’ ಅನ್ನು ರೀಸ್ಟಾರ್ಟ್ ಮಾಡಬೇಕು.

ರೀಲೋಡ್ ಆದ ಮೇಲೆ ಎರಡನೆಯ ಹಂತದ ಪ್ರಶ್ನೆಯನ್ನೇ ಮತ್ತೆ ಕೇಳಿ. ಅದಕ್ಕಿಂತಲೂ ಗಟ್ಟಿಯಾದ ಖಾತ್ರಿ ಬಳಕೆದಾರರು ಮಾಡುವುದನ್ನೇ ಮಾಡಿ ನೋಡುವುದು: 19 ಎಂಬಿಯ ಪಿಡಿಎಫ್ ಒಂದು ಹೋಗಬೇಕು, 30 ಎಂಬಿಯದು ತಡೆಯಲ್ಪಡಬೇಕು. ಎರಡನೆಯದನ್ನು ಯಾರೂ ಪರೀಕ್ಷಿಸುವುದಿಲ್ಲ.

## ಹಂತ 7: ಹೊರಗೆ ಬೀಳುವ ಅಪಾಯವಿದ್ದರೆ ತಾನಾಗಿ ಹಿಂದಿರುಗುವ ವ್ಯವಸ್ಥೆ, ಉಳಿದದ್ದಕ್ಕೆ ಒಂದು ಸ್ಕ್ರಿಪ್ಟ್

ನೆಟ್‌ವರ್ಕ್, ಫೈರ್‌ವಾಲ್, ಎಸ್‌ಎಸ್‌ಎಚ್ ಈ ಮೂರನ್ನು ಬದಲಿಸುವಾಗ ಮೊದಲೇ ಒಂದು ಗಡುವು ಇಡಿ. ನೆಟ್‌ಪ್ಲಾನ್‌ಗೆ ‘ಟ್ರೈ’ ಎಂಬ ಆಯ್ಕೆ ಇದೆ. 120 ಸೆಕೆಂಡಿನೊಳಗೆ ನೀವು ಒಪ್ಪಿಗೆ ಒತ್ತದಿದ್ದರೆ ಹಳೆಯದಕ್ಕೆ ಮರಳುತ್ತದೆ. ಎಸ್‌ಎಸ್‌ಎಚ್‌ಗೆ ಇದನ್ನು ನಾವೇ ಕಟ್ಟಿಕೊಳ್ಳಬೇಕು. ಹಳೆಯ ಫೈಲ್ ವಾಪಸ್ ಹಾಕಿ ರೀಲೋಡ್ ಮಾಡುವ ಸಣ್ಣ ಸ್ಕ್ರಿಪ್ಟ್ ಬರೆದು, ‘ಸಿಸ್ಟಮ್‌ಡಿ-ರನ್’ಗೆ ‘ಆನ್-ಆ್ಯಕ್ಟಿವ್’ ಆಯ್ಕೆಯಲ್ಲಿ 10 ನಿಮಿಷ ಮತ್ತು ಒಂದು ಹೆಸರು ಕೊಟ್ಟು ಅದನ್ನು ಕಾಯಲು ಬಿಡಿ. ಆನಂತರವೇ ಬದಲಾವಣೆ ಮಾಡಿ. ತೆರೆದಿರುವ ಕಿಟಕಿ ಮುಚ್ಚದೆ ಇನ್ನೊಂದು ಕಿಟಕಿಯಿಂದ ಹೊಸದಾಗಿ ಲಾಗಿನ್ ಆಗಿ, ಸುಡೊ ಕೂಡ ನಡೆಯುತ್ತದೆಯೇ ನೋಡಿ. ಸರಿಯಿದ್ದರೆ ಆ ಹೆಸರಿನ ಟೈಮರ್ ನಿಲ್ಲಿಸಿ. ಯಂತ್ರ ರೀಬೂಟ್ ಆದರೆ ಈ ಟೈಮರ್ ಅಳಿಸಿಹೋಗುತ್ತದೆ ಎಂಬುದು ಗಮನದಲ್ಲಿರಲಿ.

ದಿನನಿತ್ಯದ ಬದಲಾವಣೆಗಳಿಗೆ ಪರೀಕ್ಷೆ, ರೀಲೋಡ್, ಖಾತ್ರಿ, ಕಮಿಟ್ ಇವನ್ನು ಈ ಕ್ರಮದಲ್ಲೇ ಮಾಡುವ ಒಂದು ಸ್ಕ್ರಿಪ್ಟ್ ಸಾಕು. ಪರೀಕ್ಷೆ ಸೋತರೆ ಅಲ್ಲೇ ನಿಂತು, ಗಿಟ್‌ನಿಂದ ಹಳೆಯ ಮತ್ತು ಹೊಸ ಸಾಲಿನ ವ್ಯತ್ಯಾಸ ತೋರಿಸಬೇಕು. ಕಾರಣ ಬರೆಯದೆ ಕಮಿಟ್ ಒಪ್ಪಬಾರದು. ಇದಕ್ಕಿಂತ ಹೆಚ್ಚಿನದನ್ನು ತುಂಬಲು ಹೋಗಬೇಡಿ. ಫೈಲ್ ತಿದ್ದುವ ಕೆಲಸವನ್ನೂ ಸ್ಕ್ರಿಪ್ಟ್‌ಗೇ ಕೊಟ್ಟು, ಮೆನು ಇಟ್ಟು, ಬಣ್ಣ ಬಳಿದ ಕಡೆಗಳಲ್ಲಿ ಆ ಸ್ಕ್ರಿಪ್ಟ್ ಬರೆದವರು ಕೆಲಸ ಬಿಟ್ಟ ದಿನದಿಂದ ಯಾರೂ ಯಾವ ಸೆಟ್ಟಿಂಗನ್ನೂ ಮುಟ್ಟದ ಸ್ಥಿತಿ ಬರುತ್ತದೆ.

## ಹಂತ 8: ಯಾರು ಏನನ್ನು ಬದಲಿಸಬಹುದೆಂದು ಹಂಚಿ

ಎಲ್ಲರಿಗೂ ಪೂರ್ತಿ ರೂಟ್ ಕೊಡುವ ಬದಲು, ನಿರ್ದಿಷ್ಟ ಫೈಲ್‌ಗಳಿಗೆ ‘ಸುಡೊಎಡಿಟ್’ ಮತ್ತು ಮೇಲಿನ ಸ್ಕ್ರಿಪ್ಟ್ ಓಡಿಸುವ ಅನುಮತಿಯನ್ನು ಒಂದು ಗ್ರೂಪ್‌ಗೆ ಕೊಡಿ. ‘ಸುಡೊಎಡಿಟ್’ ಬಳಸಿದಾಗ ಎಡಿಟರ್ ಬಳಕೆದಾರರ ಸ್ವಂತ ಅಧಿಕಾರದಲ್ಲೇ ತಾತ್ಕಾಲಿಕ ಪ್ರತಿಯ ಮೇಲೆ ಓಡುತ್ತದೆ, ಮುಗಿದ ಮೇಲೆ ಪ್ರತಿ ಮೂಲ ಜಾಗಕ್ಕೆ ಹೋಗುತ್ತದೆ. ಅದರ ಬದಲು ವಿಮ್ ಎಡಿಟರನ್ನೇ ಸುಡೊದಲ್ಲಿ ಓಡಿಸಲು ಬಿಟ್ಟರೆ ವಿಮ್‌ನೊಳಗಿಂದ ರೂಟ್ ಶೆಲ್ ತೆರೆಯಬಹುದು. ಪುಟಪುಟವಾಗಿ ತೋರಿಸುವ ‘ಲೆಸ್’ನಿಂದಲೂ ಇದು ಸಾಧ್ಯ. ಅನುಮತಿಯಲ್ಲಿ ನಕ್ಷತ್ರ ಚಿಹ್ನೆ ಬಳಸದೆ ಪ್ರತಿ ಫೈಲ್‌ನ ಪೂರ್ತಿ ಹೆಸರು ಬರೆಯಿರಿ. ಈ ನಿಯಮದ ಫೈಲನ್ನು ‘ವಿಸುಡೊ’ ಮೂಲಕವೇ ತಿದ್ದಬೇಕು.

ಪಾಸ್‌ವರ್ಡ್ ಮತ್ತು ಎಪಿಐ ಕೀಲಿಗಳು ಬದಲಾಗುವ ಸೆಟ್ಟಿಂಗ್‌ಗಳ ಜೊತೆ ಒಂದೇ ಫೈಲ್‌ನಲ್ಲಿ ಇರಬಾರದು. ಸಿಸ್ಟಮ್‌ಡಿ ಯೂನಿಟ್‌ನ (ಸರ್ವಿಸ್ ಅನ್ನು ವಿವರಿಸುವ ಫೈಲ್) ‘ಎನ್ವಿರಾನ್‌ಮೆಂಟ್’ ಸಾಲಿನಲ್ಲಿ ಬರೆದ ಪಾಸ್‌ವರ್ಡನ್ನು ಆ ಯಂತ್ರದ ಯಾವ ಸಾಮಾನ್ಯ ಬಳಕೆದಾರರಾದರೂ ಓದಬಲ್ಲರು. ಬೇರೆ ಫೈಲ್‌ನಲ್ಲಿಟ್ಟು, ರೂಟ್‌ಗೆ ಮಾತ್ರ ಓದುವ ಅನುಮತಿ ಕೊಟ್ಟು, ಸಿಸ್ಟಮ್‌ಡಿಯ ‘ಲೋಡ್ ಕ್ರೆಡೆನ್ಷಿಯಲ್’ ಸೆಟ್ಟಿಂಗ್ ಮೂಲಕ ಸರ್ವಿಸ್‌ಗೆ ತಲುಪಿಸುವುದು ಲೇಸು.

ಸರ್ವರ್‌ಗಳು ಮೂರು ನಾಲ್ಕಕ್ಕಿಂತ ಹೆಚ್ಚಾದರೆ, ಹಲವು ಸರ್ವರ್‌ಗಳ ಸೆಟ್ಟಿಂಗ್‌ಗಳನ್ನು ಒಂದೇ ಕಡೆಯಿಂದ ಹಾಕುವ ಆನ್ಸಿಬಲ್‌ಗೆ ಹೋಗಬಹುದು. ಅದರ ಟೆಂಪ್ಲೇಟ್ ಮಾಡ್ಯೂಲ್‌ನಲ್ಲಿ, ಫೈಲ್ ಹಾಕುವ ಮೊದಲು ಪರೀಕ್ಷಿಸುವ ‘ವ್ಯಾಲಿಡೇಟ್’ ಇದೆ, ಓಡಿಸುವ ಮೊದಲು ‘ಚೆಕ್’ ಮತ್ತು ‘ಡಿಫ್’ ಕೊಟ್ಟು ಏನು ಬದಲಾಗಲಿದೆಯೆಂದು ನೋಡಬಹುದು. ‘ಬ್ಯಾಕಪ್’ ಆಯ್ಕೆ ಹಾಕಿದರೆ ಹಳೆಯ ಪ್ರತಿ ಅದೇ ಫೋಲ್ಡರ್‌ನಲ್ಲಿ ಬೀಳುತ್ತದೆ, ಸೈಟ್ಸ್-ಎನೇಬಲ್ಡ್‌ನಲ್ಲಿ ಅದರ ಫಲವೇನೆಂದು ಮೇಲೆ ನೋಡಿದ್ದೇವೆ. ಆನ್ಸಿಬಲ್ ಬಂದ ಮೇಲೆ ಸರ್ವರ್‌ನಲ್ಲಿ ಕೈಯಿಂದ ತಿದ್ದುವುದು ಪೂರ್ತಿ ನಿಲ್ಲಬೇಕು. ನಿಲ್ಲದಿದ್ದರೆ ಮುಂದಿನ ಓಟದಲ್ಲಿ ಕೈತಿದ್ದುಪಡಿ ಅಳಿಸಿಹೋಗಿ, ಬೆಳಗ್ಗೆ ಸರಿಯಾಗಿದ್ದದ್ದು ಸಂಜೆ ಕೆಟ್ಟಿರುತ್ತದೆ.

## ನಿಲ್ಲಿಸಿ ನೋಡಬೇಕಾದ ಚಿಹ್ನೆಗಳು

ಮೌಲ್ಯ ಬದಲಿಸಿದ ಮೇಲೂ ಏನೂ ಆಗದಿದ್ದರೆ ಮೌಲ್ಯವನ್ನು ಇನ್ನಷ್ಟು ಹೆಚ್ಚಿಸಬೇಡಿ, ಎರಡನೆಯ ಹಂತಕ್ಕೆ ಹಿಂದಿರುಗಿ. ಬೇಕೆಂದೇ ಒಂದು ಅಕ್ಷರ ತಪ್ಪು ಬರೆದು ಪರೀಕ್ಷೆಯ ಕಮಾಂಡ್ ಓಡಿಸಿದಾಗ ದೋಷ ಬರದಿದ್ದರೆ ನೀವು ತಿದ್ದುತ್ತಿರುವ ಫೈಲನ್ನು ಯಾರೂ ಓದುತ್ತಿಲ್ಲ. ಆ ಅಕ್ಷರವನ್ನು ಕೂಡಲೇ ಸರಿಪಡಿಸಿ, ಮೂರನೆಯ ಹಂತದ ಹೆಸರಿನ ನಿಯಮಗಳನ್ನು ನೋಡಿ. ‘ಗಿಟ್ ಸ್ಟೇಟಸ್’ನಲ್ಲಿ ನೀವು ಮುಟ್ಟದ ಫೈಲ್‌ಗಳು ಬದಲಾಗಿರುವುದು ಕಂಡರೆ ಇನ್ನೊಬ್ಬರು ಅದೇ ಹೊತ್ತಿಗೆ ಕೆಲಸ ಮಾಡುತ್ತಿದ್ದಾರೆ, ಇಲ್ಲವೇ ಕಮಿಟ್ ಮಾಡದೆ ಹೋಗಿದ್ದಾರೆ, ಅವರನ್ನು ಕೇಳುವವರೆಗೆ ರೀಲೋಡ್ ಒತ್ತಬೇಡಿ, ಏಕೆಂದರೆ ರೀಲೋಡ್ ನಿಮ್ಮ ಬದಲಾವಣೆಯೊಂದಿಗೆ ಅವರ ಅರ್ಧಕ್ಕೆ ಬಿಟ್ಟ ಬದಲಾವಣೆಯನ್ನೂ ಜಾರಿಗೆ ತರುತ್ತದೆ. ಅಪ್‌ಗ್ರೇಡ್ ಆದ ಮೇಲೆ ಇಟಿಸಿಯೊಳಗೆ ‘ಡಿಪಿಕೆಜಿ-ಡಿಸ್ಟ್’ ಅಥವಾ ‘ಡಿಪಿಕೆಜಿ-ಓಲ್ಡ್’ ಎಂದು ಕೊನೆಯಾಗುವ ಫೈಲ್‌ಗಳು ಕಂಡರೆ ಅಲ್ಲಿ ಮೂಲ ಫೈಲನ್ನು ಯಾರೋ ತಿದ್ದಿದ್ದರು ಎಂದು ತಿಳಿಯಬೇಕು. ಎರಡರ ವ್ಯತ್ಯಾಸ ತೆಗೆದು, ನಿಮ್ಮ ಸಾಲುಗಳನ್ನು ಪ್ರತ್ಯೇಕ ಫೈಲ್‌ಗೆ ಸಾಗಿಸಿ, ಮೂಲ ಫೈಲನ್ನು ಪ್ಯಾಕೇಜ್ ಕೊಟ್ಟ ರೂಪಕ್ಕೆ ತನ್ನಿ.